ಕ್ಯಾಕ್ಟಸ್ ಕುಂಡ ಕೊಳ್ಳುವ ಮೊದಲು ಒಂದು ತಂಬಿಗೆ ನೀರು ಸುರಿದು ನೋಡಿ

ಶ್ರಾವಣದ ಒಂದು ಬೆಳಿಗ್ಗೆ ಕಟ್ಟೆ ಗುಡಿಸಲೆಂದು ಕುಂಡ ಸರಿಸಲು ಹೋದರೆ ನನ್ನ ಗೋಲ್ಡನ್ ಬ್ಯಾರೆಲ್ ಕ್ಯಾಕ್ಟಸ್ ಕುಂಡ ಬಿಟ್ಟು ಕೈಗೆ ಬಂತು. ಮೇಲಿಂದ ನೋಡಿದರೆ ಏನೂ ಆಗಿಲ್ಲ. ಮೈ ಹಸಿರಾಗಿಯೇ ಇದೆ, ಮುಳ್ಳಿನ ಬಂಗಾರದ ಬಣ್ಣ ಮಾಸಿಲ್ಲ. ತಿರುಗಿಸಿದಾಗ ಗೊತ್ತಾಯಿತು, ಬುಡ ಕೊಳೆತ ಪಪ್ಪಾಯಿ ಹಣ್ಣಿನಂತಾಗಿತ್ತು. ಬೆರಳಿಟ್ಟರೆ ಒಳಗೇ ಇಳಿಯುತ್ತಿತ್ತು. ನಾಲ್ಕು ವರ್ಷ ಸಾಕಿದ ಗಿಡ, ಅದೇ ಬೇಸಿಗೆಯಲ್ಲಿ ಹೊಸ ಕುಂಡಕ್ಕೆ ಬದಲಿಸಿದ್ದೆ.

ಓಣಿಯವರೆಲ್ಲ ಹೇಳಿದ್ದು ಒಂದೇ ಮಾತು: "ನೀರು ಭಾಳ ಹಾಕೀರಿ ಬಿಡ್ರಿ." ನಾನು ಜೂನ್ ಹುಟ್ಟಿದ ಮೇಲೆ ಅದಕ್ಕೆ ಒಂದು ಹನಿಯನ್ನೂ ಹಾಕಿರಲಿಲ್ಲ. ಕುಂಡ ಬೋರಲು ಹಾಕಿ ನೋಡಿದೆ. ತಳದಲ್ಲಿ ಐದು ದುಂಡನೆಯ ಗುರುತು ಇದ್ದವು, ತೂತು ಮಾತ್ರ ಇರಲಿಲ್ಲ. ಬೇಕಾದವರು ಚುಚ್ಚಿಕೊಳ್ಳಲಿ ಎಂದು ಕಾರ್ಖಾನೆಯವರು ಬಿಟ್ಟ ತೆಳ್ಳನೆಯ ಪೊರೆ ಹಾಗೇ ಕೂತಿತ್ತು. ಬೇಸಿಗೆಯುದ್ದಕ್ಕೂ ಅದು ನನಗೆ ಗೊತ್ತಾಗಲಿಲ್ಲ, ಯಾಕೆಂದರೆ ಹಾಕಿದ ಸ್ವಲ್ಪ ನೀರು ಮೇಲಿನಿಂದಲೇ ಆರಿಹೋಗುತ್ತಿತ್ತು. ಮಳೆ ಹಿಡಿದ ಮೇಲೆ ಒಳಗೆ ಸೇರಿದ ನೀರಿಗೆ ಹೊರಹೋಗಲು ದಾರಿ ಸಿಗಲಿಲ್ಲ.

ಕುಂಡದೊಳಗಿನ ನೀರಿಗೆ ಹೊರಗೆ ಹೋಗಲು ಎರಡೇ ದಾರಿ. ಒಂದು ತಳದ ತೂತು, ಇನ್ನೊಂದು ಗಾಳಿ. ನಮ್ಮ ಧಾರವಾಡ ಮಲೆನಾಡಿನ ಸೆರಗಿನಲ್ಲಿ ಕೂತ ಊರು. ಆಷಾಢದ ಜಿಟಿಜಿಟಿ ಹಿಡಿಯಿತೆಂದರೆ ಹಗ್ಗದ ಮೇಲಿನ ಟವೆಲ್ಲು ಮೂರು ದಿನವಾದರೂ ಆರುವುದಿಲ್ಲ. ಟವೆಲ್ಲೇ ಆರದ ಗಾಳಿಯಲ್ಲಿ ಕುಂಡದ ಮಣ್ಣು ಆರೀತೇ? ಆಗ ಉಳಿಯುವುದು ತಳದ ದಾರಿಯೊಂದೇ. ಹಾಗಾಗಿ ಮಾರ್ಚ್ ತಿಂಗಳ ಬಿಸಿಲಿನಲ್ಲಿ ನಿಂತು ಕುಂಡ ಆರಿಸುವಾಗಲೂ ತಲೆಯಲ್ಲಿ ಜುಲೈ ಇರಬೇಕು.

"ಹೊಲದ ಬದುವಿನ ಮ್ಯಾಲೆ ಡಬ್ಬಗಳ್ಳಿ ಎಂಥಾ ಮಳಿಗೂ ಸಾಯಂಗಿಲ್ಲ, ನಿಮ್ಮ ಕುಂಡದಾಗಿಂದು ಯಾಕ ಸಾಯ್ತದ?" ಎಂದು ನವಲಗುಂದ ಕಡೆಯ ನೆಂಟರೊಬ್ಬರು ಕೇಳಿದ್ದರು. ಪ್ರಶ್ನೆ ಸರಿಯಾಗಿದೆ. ಡಬ್ಬಗಳ್ಳಿಯೂ ಅಮೆರಿಕ ಖಂಡದಿಂದ ಬಂದ ನಿಜವಾದ ಕ್ಯಾಕ್ಟಸ್ಸೇ. (ಕಪ್ಪತಗುಡ್ಡದ ಇಳಿಜಾರಿನಲ್ಲಿ ಕಾಣುವ ಹಾಲುಗಳ್ಳಿಗಳು ಬೇರೆಯೇ ಕುಲ, ಮುರಿದರೆ ಬಿಳಿ ಹಾಲು ಸುರಿಯುವಂಥವು.) ಆದರೆ ಬದು ಎಂದರೆ ಏನು? ಎತ್ತರಿಸಿದ ಮಣ್ಣು. ಎರಡೂ ಪಕ್ಕಕ್ಕೆ ನೀರು ಇಳಿದು ಹೋಗುತ್ತದೆ, ಬೇರು ಮಾರುಗಟ್ಟಲೆ ಹರಡುತ್ತದೆ, ಸುತ್ತ ಗೋಡೆ ಇಲ್ಲ. ಕುಂಡದಲ್ಲಿ ನಾವು ಗೋಡೆ ಕಟ್ಟಿ ಗಿಡವನ್ನು ಒಳಗೆ ಕೂರಿಸುತ್ತೇವೆ. ಬಸಿಗಾಲುವೆ ತೆಗೆಯುವ ಕೆಲಸವೂ ಆಗ ನಮ್ಮದೇ.

ಮೊದಲು ಅಂಗಡಿಯಲ್ಲಿ

ಕುಂಡವನ್ನು ಎತ್ತಿ ಆಕಾಶಕ್ಕೆ ಹಿಡಿದು ಒಳಗಿನಿಂದ ನೋಡಿ. ಬೆಳಕು ಕಾಣಬೇಕು. ಪ್ಲಾಸ್ಟಿಕ್ಕಿನದಾದರೆ ನಾನು ಹೇಳಿದ ಪೊರೆ ಇದೆಯೇ ಎಂದು ಉಗುರಿನಿಂದ ಒತ್ತಿ ನೋಡಿ. ಮಣ್ಣಿನದಾದರೆ ಎಷ್ಟೋ ಸಲ ತೂತು ಕೊರೆದ ಹಸಿ ಮಣ್ಣು ಅಲ್ಲೇ ಅಂಟಿ, ಸುಟ್ಟ ಮೇಲೆ ಅರ್ಧ ಮುಚ್ಚಿಕೊಂಡಿರುತ್ತದೆ. ಮೊಳೆಯ ತುದಿಯಿಂದ ಕೆರೆದರೆ ಬಿಟ್ಟುಕೊಳ್ಳುತ್ತದೆ. ಕಿರುಬೆರಳಿನ ತುದಿ ಹೋಗುವಷ್ಟು, ಅಂದರೆ ಸುಮಾರು 1 ಸೆಂಟಿಮೀಟರ್ ಅಗಲದ ಒಂದು ತೂತು 4 ಇಂಚಿನ ಮಣ್ಣಿನ ಕುಂಡಕ್ಕೆ ಸಾಕು. ಪ್ಲಾಸ್ಟಿಕ್ಕಿಗೆ ಅದೇ ಅಳತೆಯಲ್ಲಿ ನಾಲ್ಕೈದು ಬೇಕು.

ಆಮೇಲೆ ನೀರು. ಅಂಗಡಿಯವರನ್ನು ಕೇಳಿ ಒಂದು ತಂಬಿಗೆ ನೀರು ತೆಗೆದುಕೊಳ್ಳಿ, ಖಾಲಿ ಕುಂಡವನ್ನು ಎರಡು ಇಟ್ಟಿಗೆಯ ಮೇಲಿಟ್ಟು ಸುರಿಯಿರಿ. ನೀರು ಹೋಗುತ್ತದೆಯೇ ಎಂದಷ್ಟೇ ನೋಡಬೇಡಿ, ಹರಿಯುವುದು ನಿಂತ ಮೇಲೆ ಒಳಗೆ ಎಷ್ಟು ಉಳಿಯಿತು ನೋಡಿ. ಎಷ್ಟೋ ಕುಂಡಗಳ ತಳ ಒಳಗಡೆ ನಡುವೆ ಉಬ್ಬಿರುತ್ತದೆ, ಇಡ್ಲಿಯನ್ನು ಬೋರಲು ಹಾಕಿದ ಹಾಗೆ. ತೂತು ಆ ಉಬ್ಬಿನ ನೆತ್ತಿಯ ಮೇಲಿರುತ್ತದೆ! ಸುತ್ತ ಬಳೆಯಾಕಾರದಲ್ಲಿ ಅರ್ಧ ಇಂಚು ನೀರು ನಿಂತೇ ನಿಲ್ಲುತ್ತದೆ. ಮಣ್ಣು ತುಂಬಿದ ಮೇಲೆ ಇದು ಯಾರಿಗೂ ಕಾಣುವುದಿಲ್ಲ. ನಾನು ಹೀಗೆ ನೀರು ಸುರಿದು ನೋಡುವಾಗ ಒಬ್ಬ ಅಂಗಡಿಯವರು "ಕೊಡ ಕೊಳ್ಳಾಕ ಬಂದೀರೇನ್ರಿ?" ಎಂದು ನಕ್ಕಿದ್ದರು. ನಗಲಿ. ತಳ ಸಮತಟ್ಟಾಗಿದ್ದು ತೂತು ಅತಿ ತಗ್ಗಿನಲ್ಲಿರುವ ಕುಂಡ, ಇಲ್ಲವೇ ತಳದ ಅಂಚಿನಲ್ಲಿ ಪಕ್ಕಕ್ಕೂ ಸೀಳು ಬಿಟ್ಟಿರುವ ಕುಂಡ, ಇವೆರಡನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು.

ಮಣ್ಣೋ ಪ್ಲಾಸ್ಟಿಕ್ಕೋ

ಸುಟ್ಟ ಮಣ್ಣಿನ ಕುಂಡದ ಗೋಡೆಯೇ ಉಸಿರಾಡುತ್ತದೆ. ನೀರು ಗೋಡೆಯ ಸಣ್ಣ ರಂಧ್ರಗಳಲ್ಲಿ ಹೊರಬಂದು ಆರುತ್ತದೆ, ಬೇಸಿಗೆಯ ಬಿಂದಿಗೆಯಲ್ಲಿ ನೀರು ತಣ್ಣಗಾಗುವುದೂ ಇದೇ ಕಾರಣಕ್ಕೆ. ನಮ್ಮ ಕಡೆ ಖಾನಾಪುರದ ಮಣ್ಣಿನ ಕೆಲಸಕ್ಕೆ ಹಿಂದಿನಿಂದಲೂ ಹೆಸರಿದೆ. ಊರ ಕುಂಬಾರರ ಕೈಯ ಕುಂಡವೂ ಆದೀತು. ಗಡಿಗೆ ಕೊಳ್ಳುವಾಗ ಅಜ್ಜಿ ಮಾಡುತ್ತಿದ್ದಂತೆ ಬೆರಳಿನ ಗೆಣ್ಣಿನಿಂದ ತಟ್ಟಿ. ಟಣ್ ಎಂದರೆ ಚೆನ್ನಾಗಿ ಸುಟ್ಟಿದೆ. ದಬ್ ಎಂದರೆ ಎಲ್ಲೋ ಬಿರುಕಿದೆ, ಇಲ್ಲವೇ ಸರಿಯಾಗಿ ಬೆಂದಿಲ್ಲ. ಸರಿಯಾಗಿ ಬೇಯದ ಕುಂಡ ಒಂದೆರಡು ಮಳೆಗಾಲಕ್ಕೆ ಪದರು ಪದರಾಗಿ ಉದುರುತ್ತದೆ. ಎಣ್ಣೆ ಬಣ್ಣ ಹಚ್ಚಿ ಹೊಳೆಯುವಂತೆ ಮಾಡಿದ ಕುಂಡ ಮಾತ್ರ ಬೇಡ. ಉಸಿರಾಡುವ ರಂಧ್ರಗಳನ್ನೆಲ್ಲ ಬಣ್ಣ ಮುಚ್ಚಿರುತ್ತದೆ, ಮಣ್ಣಿನ ದುಡ್ಡು ಕೊಟ್ಟು ಪ್ಲಾಸ್ಟಿಕ್ ತಂದಂತೆ.

ಹಾಗೆಂದು ಎಲ್ಲರಿಗೂ ಮಣ್ಣಿನದೇ ಎಂದು ಹೇಳಲಾರೆ. ಧಾರವಾಡದಲ್ಲಿ ನಾನು ಮಣ್ಣಿನ ಪಕ್ಷ. ಗದಗ, ರೋಣ, ನವಲಗುಂದದ ಒಣ ಗಾಳಿಯಲ್ಲಿ 3 ಇಂಚಿನ ಮಣ್ಣಿನ ಕುಂಡ ಏಪ್ರಿಲ್‌ನಲ್ಲಿ ಒಂದೇ ದಿನದಲ್ಲಿ ಕರಕಲಾಗಬಹುದು, ಸಣ್ಣ ಗಿಡದ ಎಳೆ ಬೇರು ಸುಟ್ಟುಹೋಗುತ್ತವೆ. ಅಲ್ಲಿನವರು, ಅಥವಾ ವಾರಕ್ಕೊಮ್ಮೆ ಮಾತ್ರ ಮನೆಗೆ ಬರುವವರು, ಸಣ್ಣ ಗಿಡಗಳಿಗೆ ಪ್ಲಾಸ್ಟಿಕ್ ಇಟ್ಟುಕೊಂಡು ಮಣ್ಣಿನ ಮಿಶ್ರಣವನ್ನು ಇನ್ನಷ್ಟು ಗರಸು ಮಾಡಿಕೊಂಡರೆ ಚೆನ್ನ. ಕಪ್ಪು ಪ್ಲಾಸ್ಟಿಕ್ ಬೇಡ. ಹುಬ್ಬಳ್ಳಿಯ ತಾರಸಿಯ ಮೇಲೆ ಮಧ್ಯಾಹ್ನ ಅದನ್ನು ಬರಿಗೈಲಿ ಮುಟ್ಟಿ ನೋಡಿದರೆ ಯಾಕೆಂದು ತಿಳಿಯುತ್ತದೆ.

ಬೋರ್‌ವೆಲ್ ನೀರು ಹಾಕುವವರ ಮಣ್ಣಿನ ಕುಂಡದ ಹೊರಮೈಗೆ ವರ್ಷದೊಳಗೆ ಬಿಳಿ ಪುಡಿ ಕಟ್ಟುತ್ತದೆ. ಅದು ಬೂಷ್ಟಲ್ಲ, ಗಡಸು ನೀರಿನ ಸುಣ್ಣ. ತಳದ ತೂತಿನ ಸುತ್ತಲೂ ಅದೇ ಕಟ್ಟಿ ತೂತು ಕಿರಿದಾಗುವುದರಿಂದ ವರ್ಷಕ್ಕೊಮ್ಮೆ ನಿಂಬೆಹುಳಿ ಹಚ್ಚಿ ತೆಂಗಿನ ನಾರಿನಿಂದ ಉಜ್ಜಿದರೆ ಆಯಿತು. ಸಿಮೆಂಟ್ ಕುಂಡ ತಂದರೆ ಹೊಸದಾಗಿ ಬಂದ ಒಂದು ವಾರ ನೀರಿನಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ. ಹೊಸ ಸಿಮೆಂಟಿನ ಸುಣ್ಣ ಬೇರಿಗೆ ಒಗ್ಗುವುದಿಲ್ಲ.

ಎಷ್ಟು ದೊಡ್ಡದು

ಜೂನ್‌ನಲ್ಲಿ ಮಕ್ಕಳಿಗೆ ಸಾಲಿ ಅಂಗಿ ಹೊಲಿಸುವಾಗ "ಬೆಳೀತಾನ, ಎರಡಿಂಚು ಹೆಚ್ಚಿಗಿ ಬಿಡ್ರಿ" ಎನ್ನುತ್ತೇವಲ್ಲ, ಆ ಬುದ್ಧಿಯನ್ನು ಕ್ಯಾಕ್ಟಸ್ ಕುಂಡಕ್ಕೆ ತರಬೇಡಿ. ಬೇರು ಮುಟ್ಟದ ಮಣ್ಣಿನಲ್ಲಿ ನೀರು ಸುಮ್ಮನೆ ಕೂರುತ್ತದೆ, ಕುಡಿಯುವವರೇ ಇಲ್ಲ. ದುಂಡನೆಯ ಗಿಡವಾದರೆ ಗಿಡದ ಅಗಲಕ್ಕೆ ಎರಡೂ ಕಡೆ ಒಂದೊಂದು ಬೆರಳು, ಅಂದರೆ 2 ಸೆಂಟಿಮೀಟರಿನಷ್ಟು ಜಾಗ ಸಾಕು. 8 ಸೆಂಟಿಮೀಟರ್ ಗಿಡಕ್ಕೆ 12 ಸೆಂಟಿಮೀಟರ್ ಬಾಯಿಯ ಕುಂಡ. ಎತ್ತರಕ್ಕೆ ಬೆಳೆಯುವ ಕಂಬದ ಜಾತಿಯಾದರೆ ಅಗಲ ಕಡಿಮೆಯಾದರೂ ತೂಕ ಬೇಕು, ಇಲ್ಲದಿದ್ದರೆ ಮುಂಗಾರಿನ ಮೊದಲ ಗಾಳಿಗೇ ಮಗುಚಿ ಬೀಳುತ್ತದೆ.

ಆಳದ ವಿಷಯ ಗಿಡವನ್ನು ಕುಂಡದಿಂದ ಬಿಡಿಸಿ ನೋಡಿದರೆ ಮಾತ್ರ ಗೊತ್ತಾಗುವುದು. ಅರಿಯೊಕಾರ್ಪಸ್‌ನಂಥವಕ್ಕೆ ಗಜ್ಜರಿಯ ಹಾಗೆ ದಪ್ಪ ಬೇರು ಇಳಿದಿರುತ್ತದೆ, ಅವಕ್ಕೆ ಆಳದ ಕುಂಡ. ಮ್ಯಾಮಿಲ್ಲೇರಿಯಾದ ಹೆಚ್ಚಿನ ಜಾತಿಗಳಿಗೆ ಎಳೆ ಎಳೆ ಬೇರು, ಅಗಲವಾಗಿ ಹರಡುತ್ತವೆ. ಕೆಂಪು, ಹಳದಿ ಟೊಪ್ಪಿಗೆಯ ಮೂನ್ ಕ್ಯಾಕ್ಟಸ್ಸಿನಲ್ಲಿ ಮೇಲಿನ ಬಣ್ಣದ ಚೆಂಡು ಒಂದು ಗಿಡ, ಕೆಳಗಿನ ಹಸಿರು ಕಾಂಡ ಇನ್ನೊಂದು. ಕುಂಡ ಆರಿಸುವಾಗ ಲೆಕ್ಕಕ್ಕೆ ಬರುವುದು ಕೆಳಗಿನ ಕಾಂಡವೇ.

ತಳಕ್ಕೆ ಬೋಕಿ, ಜಲ್ಲಿ ಹಾಕಬೇಕೇ?

ಎಲ್ಲರೂ ಹಾಕುತ್ತಾರೆ, ನಾನೂ ಹತ್ತು ವರ್ಷ ಹಾಕಿದೆ. ನೀರು ಸರಾಗ ಇಳಿಯಲೆಂದು ತಳದಲ್ಲಿ ಎರಡಿಂಚು ಜಲ್ಲಿ ಹಾಸಿ ಮೇಲೆ ಮಣ್ಣು. ಇದು ಉಲ್ಟಾ ಕೆಲಸ ಮಾಡುತ್ತದೆ ಎಂದರೆ ನಂಬುವುದು ಕಷ್ಟ, ಅದಕ್ಕೇ ಅಡುಗೆ ಮನೆಯ ಸ್ಪಂಜು ತನ್ನಿ.

ಪಾತ್ರೆ ತಿಕ್ಕುವ ಸ್ಪಂಜನ್ನು ನೀರಿನಲ್ಲಿ ಪೂರ್ತಿ ಅದ್ದಿ, ಹಿಂಡದೆ, ಅಂಗೈ ಮೇಲಿನ ರೊಟ್ಟಿಯಂತೆ ಮಟ್ಟಸವಾಗಿ ಎರಡು ಬೆರಳಲ್ಲಿ ಎತ್ತಿ ಹಿಡಿಯಿರಿ. ತೊಟ್ಟಿಕ್ಕಿ ತೊಟ್ಟಿಕ್ಕಿ ಒಂದು ಹೊತ್ತಿಗೆ ನಿಲ್ಲುತ್ತದೆ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ಕೆಳಗೆ ಅಡ್ಡವೂ ಏನಿಲ್ಲ. ಕೆಳಗೆಲ್ಲ ಬಯಲೇ ಇದ್ದರೂ ಸ್ಪಂಜು ತನ್ನ ತಳದಲ್ಲಿ ಒಂದು ಎತ್ತರದವರೆಗೆ ನೀರು ಹಿಡಿದುಕೊಂಡೇ ಇರುತ್ತದೆ. ಅಡ್ಡ ಹಿಡಿದಾಗ ಆ ಎತ್ತರದೊಳಗೆ ಸ್ಪಂಜಿನ ಬಹುಪಾಲು ಬಂತು. ನಿಲ್ಲಿಸಿದಾಗ ತಳದ ತುದಿ ಮಾತ್ರ ಬಂತು, ಮಿಕ್ಕದ್ದು ಬಸಿದುಹೋಯಿತು.

ಕುಂಡದ ಮಣ್ಣೂ ಹೀಗೆಯೇ. ತಳದ ಆ ಹಸಿ ಪಟ್ಟಿ ಎಷ್ಟು ಎತ್ತರ ಎಂಬುದು ಮಣ್ಣಿನ ಕಣ ಎಷ್ಟು ಸಣ್ಣ ಎಂಬುದರ ಮೇಲೆ ನಿಂತಿದೆ. ತೂತು ದೊಡ್ಡದು ಮಾಡಿದರೆ ಅದು ಕಡಿಮೆಯಾಗುವುದಿಲ್ಲ. ಸಣ್ಣ ಕಣದ ಮಣ್ಣಿನಿಂದ ನೀರು ಕೆಳಗಿನ ದೊಡ್ಡ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ, ಮಣ್ಣು ಪೂರ್ತಿ ತುಂಬಿ ತುಳುಕುವವರೆಗೆ ಅಲ್ಲೇ ನಿಲ್ಲುತ್ತದೆ. ಅಂದರೆ ಜಲ್ಲಿ ಹಾಕಿದಾಗ ಹಸಿ ಪಟ್ಟಿ ಹೋಗಲಿಲ್ಲ, ಎರಡಿಂಚು ಮೇಲಕ್ಕೆ ಬಂದು ಬೇರಿಗೆ ಹತ್ತಿರವಾಯಿತು. ಬೋನ್ಸಾಯ್ ತಟ್ಟೆಯಂಥ ಚಪ್ಪಟೆ ಕುಂಡಗಳಲ್ಲಿ ಕ್ಯಾಕ್ಟಸ್ ಬೇಗ ಕೊಳೆಯುವುದಕ್ಕೂ ಇದೇ ಕಾರಣ: ಅವು ಅಡ್ಡ ಹಿಡಿದ ಸ್ಪಂಜು. ಅಂಥ ಕುಂಡ ಬೇಕೇ ಬೇಕೆಂದರೆ ಮಿಶ್ರಣ ಬಹುಪಾಲು ಹರಳೇ (ದಪ್ಪ ಮರಳು, ಇಟ್ಟಿಗೆ ಚೂರಿನಂಥದ್ದು) ಆಗಿರಬೇಕು.

ಜಲ್ಲಿಯ ಬದಲು ತೂತಿನ ಮೇಲೆ ಒಂದು ತುಂಡು ಸೊಳ್ಳೆ ಜಾಲರಿ ಹಾಸಿದರೆ ಮುಗಿಯಿತು. ಮಣ್ಣು ಉದುರುವುದಿಲ್ಲ, ನೀರು ನಿಲ್ಲುವುದಿಲ್ಲ. ಬೋಕಿಯೇ ಹಾಕುವುದಾದರೆ ಬಾಗಿದ ತುಂಡನ್ನು ಬೆನ್ನು ಮೇಲಾಗಿ ಇಡಿ. ಚಪ್ಪಟೆ ತುಂಡು ತೂತಿನ ಮೇಲೆ ಮುಚ್ಚಳದಂತೆ ಕೂತುಬಿಡುತ್ತದೆ.

ಮಿಶ್ರಣದ ಬಗ್ಗೆ ಇಷ್ಟೇ

ಕಪ್ಪು ಎರೆ ಮಣ್ಣು ಬೇಡವೇ ಬೇಡ. ಹೊಲದಲ್ಲಿ ಅದು ಬಂಗಾರ, ಕುಂಡದಲ್ಲಿ ಹಸಿಯಾದರೆ ಅಂಟು, ಒಣಗಿದರೆ ಇಟ್ಟಿಗೆ. ಒಣಗುವಾಗ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆಮೇಲೆ ಹಾಕಿದ ನೀರು ಆ ಸಂದಿಯಲ್ಲಿ ಸರ್ರನೆ ಇಳಿದು ತೂತಿನಿಂದ ಬರುತ್ತದೆ. "ಎಷ್ಟು ಚೆಂದ ಬಸೀತದ" ಎಂದು ನಾವು ಖುಷಿಪಡುತ್ತೇವೆ, ನಡುವಿನ ಹೆಂಟೆ ಮಾತ್ರ ಒಣಗಿಯೇ ಇರುತ್ತದೆ.

ಕೆಂಪು ಮಸಾರಿ ಮಣ್ಣು ಒಂದು ಪಾಲು, ಹರಳು ಎರಡು ಪಾಲು, ಚೆನ್ನಾಗಿ ಕಳಿತ ಹಳೆಯ ಸಗಣಿ ಗೊಬ್ಬರ ಅರ್ಧ ಪಾಲು. ಹರಳು ಎಂದರೆ ದಪ್ಪ ಹೊಳೆ ಮರಳು, ಒಡೆದ ಇಟ್ಟಿಗೆ, ಇದ್ದಿಲ ಚೂರು, ಯಾವುದಾದರೂ ಸರಿ. ಗಾತ್ರ 2ರಿಂದ 5 ಮಿಲಿಮೀಟರ್, ಅಂದರೆ ಸಜ್ಜೆ ಕಾಳಿನಿಂದ ಜೋಳದ ಕಾಳಿನವರೆಗೆ. ರವೆ ಸಾಣಿಗೆಯಲ್ಲಿ ಸಾಣಿಸಿ, ಕೆಳಗೆ ಬಿದ್ದ ಹುಡಿಯನ್ನು ಹೊರಗೆ ಚೆಲ್ಲಿ. ಕಲ್ಲು ಪುಡಿ ಮಾಡಿ ತಯಾರಿಸುವ ಎಂ-ಸ್ಯಾಂಡ್ ತಂದರೆ ಇದನ್ನು ಬಿಡಲೇಬೇಡಿ, ಅದರಲ್ಲಿ ಕಲ್ಲಿನ ಹಿಟ್ಟು ಬಹಳ. ಸಾಣಿಗೆ ಬೇರೆಯದೇ ಕೊಳ್ಳಿ. ಮನೆಯ ಸಾಣಿಗೆಯಲ್ಲಿ ಇಟ್ಟಿಗೆ ಸಾಣಿಸಿ ನಾನು ಕೇಳಿಸಿಕೊಂಡದ್ದನ್ನು ಇಲ್ಲಿ ಬರೆಯುವಂತಿಲ್ಲ.

ನರ್ಸರಿಯಿಂದ ಬಂದ ಗಿಡದ ಬೇರಿನ ಸುತ್ತ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿಯ ಉಂಡೆ ಇರುತ್ತದೆ. ಅದನ್ನು ಹಾಗೇ ನೆಟ್ಟರೆ ಹೊಸ ಕುಂಡದ ನಡುವೆ ಒಂದು ಒದ್ದೆ ಸ್ಪಂಜು ಹೂತಂತೆ. ಊದುಬತ್ತಿ ಕಡ್ಡಿಯಿಂದ ಮೆಲ್ಲಗೆ ಬಿಡಿಸಿ ತೆಗೆಯಿರಿ. ಬೇರು ಹರಿದಿದ್ದರೆ ಎರಡು ಮೂರು ದಿನ ನೆರಳಲ್ಲಿ ಹಾಗೇ ಬಿಟ್ಟು, ಒಣ ಮಿಶ್ರಣದಲ್ಲಿ ನೆಟ್ಟು, ಒಂದು ವಾರದ ಮೇಲೆ ಮೊದಲ ನೀರು ಹಾಕಿ. ಹಿಡಿಯಲು ದಿನಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಗಿಡದ ಸೊಂಟಕ್ಕೆ ಸುತ್ತಿದರೆ ಕೈಗವಸಿಗಿಂತ ವಾಸಿ. ಇದಕ್ಕೆಲ್ಲ ಸಂಕ್ರಾಂತಿ ಕಳೆದ ಮೇಲಿನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಮಳೆ ಹಿಡಿದ ಮೇಲೆ ಕುಂಡ ಬದಲಿಸಬೇಡಿ.

ಮನೆಯಲ್ಲಿರುವುದಕ್ಕೇ ತೂತು ಕೊರೆಯುವುದು

ಐಸ್‌ಕ್ರೀಮ್ ಡಬ್ಬಿ, ಬಣ್ಣದ ಬಕೆಟ್ಟುಗಳಿಗೆ ಸೋಲ್ಡರಿಂಗ್ ಕಡ್ಡಿ ಸಾಕು. ಹೊಗೆ ಬರುವುದರಿಂದ ಅಂಗಳದಲ್ಲಿ ಮಾಡಿ. ಒಳಗಿನಿಂದ ಹೊರಕ್ಕೆ ಚುಚ್ಚಿ. ಹೊರಗಿನಿಂದ ಚುಚ್ಚಿದರೆ ಕರಗಿದ ಪ್ಲಾಸ್ಟಿಕ್ ಒಳಗೆ ಉಂಗುರದಂತೆ ಎದ್ದು, ತೂತಿನ ಸುತ್ತ ಪುಟ್ಟ ಕಟ್ಟೆಯಾಗಿ ನೀರು ತಡೆಯುತ್ತದೆ.

ಕಿವಿ ಮುರಿದ ಪಿಂಗಾಣಿ ಕಪ್ಪು ಕಷ್ಟದ್ದು. ಅದಕ್ಕೆ ವಜ್ರದ ಹುಡಿ ಲೇಪಿಸಿದ 8 ಅಥವಾ 10 ಮಿಲಿಮೀಟರ್ ಬಿಟ್ ಬೇಕು, ಡ್ರಿಲ್ಲು ಬ್ಯಾಟರಿಯದಾಗಿರಲಿ, ಏಕೆಂದರೆ ನೀರು ಬಳಸುತ್ತೇವೆ. ಕಪ್ಪನ್ನು ಒದ್ದೆ ಮರಳಿನಲ್ಲಿ ಬೋರಲು ಕೂರಿಸಿ, ತಳದ ಸುತ್ತ ಚಪಾತಿ ಹಿಟ್ಟಿನಿಂದ ಸಣ್ಣ ಕಟ್ಟೆ ಕಟ್ಟಿ ಒಂದು ಚಮಚ ನೀರು ತುಂಬಿ. ಸುತ್ತಿಗೆಯ ಗುರುತಿನ ಸ್ವಿಚ್ ಬಂದ್ ಇರಲಿ. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಳ್ಳಿ. ಬಿಟ್ ಅನ್ನು ಮೊದಲು ಓರೆಯಾಗಿ ತಾಗಿಸಿ ಒಂದು ಗೀರು ಮಾಡಿಕೊಂಡು, ಆಮೇಲೆ ನೇರ ಮಾಡಿ ನಿಧಾನಕ್ಕೆ ತಿರುಗಿಸಿ. ಸದ್ದು ಬದಲಾಯಿತೆಂದರೆ ಕೊನೆಯ ಪದರು ಬಂದಿದೆ, ಅಲ್ಲಿ ಕೈ ಭಾರ ಪೂರ್ತಿ ತೆಗೆಯಿರಿ. ನನ್ನ ಮೊದಲ ಕಪ್ಪು ಸೀಳಿದ್ದು ಅಲ್ಲೇ, ಅವಸರಕ್ಕೆ. ಮಣ್ಣಿನ ಕುಂಡಕ್ಕಾದರೆ ಒಂದು ತಾಸು ನೀರಲ್ಲಿ ನೆನೆಸಿ, ಗೋಡೆಗೆ ಬಳಸುವ ಸಾದಾ ಬಿಟ್‌ನಿಂದ ಮೊದಲು ಸಣ್ಣ, ಆಮೇಲೆ ದೊಡ್ಡ ತೂತು ಕೊರೆದರಾಯಿತು.

ಕೊರೆಯುವ ಧೈರ್ಯವಿಲ್ಲದಿದ್ದರೆ ಚೆಂದದ ಕುಂಡವನ್ನು ಹೊರಗಿನ ಅಂಗಿಯಂತೆ ಬಳಸಿ. ಗಿಡ ತೂತಿನ ಸಾದಾ ಕುಂಡದಲ್ಲಿರಲಿ, ನೀರು ಹಾಕುವಾಗ ಹೊರತೆಗೆದು, ಪೂರ್ತಿ ಬಸಿದ ಮೇಲೆ ಒಳಗಿಡಿ.

ಎಲ್ಲಿ, ಯಾವುದರ ಮೇಲೆ ಇಡುವುದು

ಒಳ್ಳೆಯ ತೂತಿನ ಕುಂಡವನ್ನು ನುಣುಪಾದ ಟೈಲ್ಸ್ ಮೇಲಿಟ್ಟರೆ ತೂತು ಮತ್ತೆ ಮುಚ್ಚಿತು. ಎತ್ತಿ ನೋಡಿದರೆ ಕೆಳಗೆ ಒದ್ದೆ ಉಂಗುರ ಕಾಣುತ್ತದೆ. ಹಳೆಯ ಮಾಡಿನ ಒಡೆದ ಮಂಗಳೂರು ಹಂಚು ಧಾರವಾಡದ ಹಿತ್ತಿಲುಗಳಲ್ಲಿ ಬೇಕಾದಷ್ಟು ಬಿದ್ದಿರುತ್ತದೆ, ಮೂರು ಚೂರು ಇಟ್ಟು ಅದರ ಮೇಲೆ ಕುಂಡ ಕೂರಿಸಿ. ಮೂರೇ ಸಾಕು, ನಾಲ್ಕಿಟ್ಟರೆ ಅಲುಗಾಡುತ್ತದೆ. ಕೆಳಗಿನ ತಟ್ಟೆ ತೆಗೆದುಬಿಡಿ. ಅದರಲ್ಲಿ ನಿಂತ ನೀರು ಬೇರಿಗೂ ಕೇಡು, ಮನೆಯವರಿಗೂ ಕೇಡು. ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಳೆಯಲು ಅಷ್ಟು ನೀರು ಮತ್ತು ಒಂದು ವಾರ ಹತ್ತು ದಿನ ಸಾಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಡ ಎಷ್ಟೇ ಚೆನ್ನಾಗಿದ್ದರೂ ಸೂರಿನ ಕೆಳಗೆ ಇರಲಿ, ಬೆಳಕು ಬೀಳುವ ಕಡೆ. ಸೂರಿನ ನೀರು ಸುರಿಯುವ ಗೆರೆಯಿಂದ ಒಂದು ಮೊಳ ಒಳಕ್ಕೆ.

ಸರಿಯಾಯಿತೋ ಇಲ್ಲವೋ ತಿಳಿಯುವುದು

ಅಡುಗೆ ಮನೆಯ ತಕ್ಕಡಿಯಲ್ಲಿ ನೆಟ್ಟ ಕುಂಡವನ್ನು ಒಣಗಿದ್ದಾಗ ಒಮ್ಮೆ ತೂಗಿ, ನೀರು ಹಾಕಿ ಬಸಿದ ಮೇಲೆ ಮತ್ತೊಮ್ಮೆ ತೂಗಿ, ಎರಡನ್ನೂ ಪೆನ್ಸಿಲ್‌ನಿಂದ ಕುಂಡದ ಮೇಲೆಯೇ ಬರೆದಿಡಿ. ಮತ್ತೆ ಒಣ ತೂಕಕ್ಕೆ ಬರಲು ಎಷ್ಟು ದಿನ ಬೇಕಾಯಿತು ಎಂಬುದೇ ನಿಮ್ಮ ಕುಂಡದ ಜಾತಕ. ನನ್ನ ಕಟ್ಟೆಯ 4 ಇಂಚಿನ ಮಣ್ಣಿನ ಕುಂಡ ಮಾರ್ಚ್‌ನಲ್ಲಿ ಮೂರ್ನಾಲ್ಕು ದಿನಕ್ಕೆ ಹಗುರಾಗುತ್ತದೆ, ಜುಲೈನಲ್ಲಿ ವಾರ ದಾಟುತ್ತದೆ. ಪಕ್ಕದ ಪ್ಲಾಸ್ಟಿಕ್ಕಿನದು ಜುಲೈನಲ್ಲಿ ಎರಡು ವಾರವಾದರೂ ಭಾರವಾಗಿಯೇ ಇತ್ತು. ಅದನ್ನು ಬಿಚ್ಚಿ ಮಿಶ್ರಣ ಬದಲಿಸಬೇಕಾಯಿತು. ತಕ್ಕಡಿ ಇಲ್ಲದವರು ತಳದ ತೂತಿನಿಂದ ಒಣ ಊದುಬತ್ತಿ ಕಡ್ಡಿ ತೂರಿಸಿ, ಹತ್ತು ನಿಮಿಷ ಬಿಟ್ಟು ತೆಗೆದು ಕೆನ್ನೆಗೆ ತಾಗಿಸಿಕೊಳ್ಳಿ. ತಣ್ಣಗಿದ್ದರೆ ಹಸಿ ಇದೆ. ಮೇಲಿನ ಮಣ್ಣು ಮುಟ್ಟಿ ನೋಡುವುದರಲ್ಲಿ ಅರ್ಥವಿಲ್ಲ, ಮೇಲಿನದು ಯಾವಾಗಲೂ ಮೊದಲು ಒಣಗುತ್ತದೆ.

ಇಷ್ಟಾಗಿಯೂ ಬುಡ ಮೆತ್ತಗಾದದ್ದು ಕಂಡರೆ, ನನ್ನ ಗೋಲ್ಡನ್ ಬ್ಯಾರೆಲ್‌ನಷ್ಟು ತಡವಾಗದಿದ್ದರೆ, ದಾರಿ ಇದೆ. ಚೂಪಾದ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಕೊಳೆತ ಭಾಗಕ್ಕಿಂತ ಮೇಲೆ ಅಡ್ಡ ಕತ್ತರಿಸಿ. ಕತ್ತರಿಸಿದ ಮೈಯಲ್ಲಿ ಒಂದು ಕಂದು ಚುಕ್ಕೆ ಕಂಡರೂ ಇನ್ನೊಂದು ಬಿಲ್ಲೆ ತೆಗೆಯಿರಿ, ಪ್ರತಿ ಸಲ ಚಾಕು ಒರೆಸಿ. ಪೂರ್ತಿ ಸ್ವಚ್ಛ ಹಸಿರು-ಬಿಳಿ ಬಂದ ಮೇಲೆ ಗಾಳಿಯಾಡುವ ನೆರಳಿನಲ್ಲಿ ಖಾಲಿ ಲೋಟದ ಬಾಯಿಯ ಮೇಲೆ ಕೂರಿಸಿ, ಮೈ ತೊಗಲಿನಂತೆ ಗಟ್ಟಿಯಾಗುವವರೆಗೆ ಹತ್ತು ಹದಿನೈದು ದಿನ ಬಿಡಿ. ಮಳೆಗಾಲದಲ್ಲಿ ಇನ್ನೂ ಹೆಚ್ಚು ದಿನ ಬೇಕಾದೀತು. ಆಮೇಲೆ ಬರೀ ಹರಳಿನ ಮೇಲೆ, ಹೂಳದೆ, ಸುಮ್ಮನೆ ಕೂರಿಸಿ. ಬೇರು ಕಾಣುವವರೆಗೆ ನೀರಿಲ್ಲ.